ಹೊಸ ಬೈಸಿಕಲ್ಲಿನ ಚಕ್ರಗಳನ್ನು ಸವಾರಿಗೆ ಮುಂಚೆ ಪರೀಕ್ಷಿಸುವ ಕ್ರಮ



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ವಿಜ್ಞಾನವನ್ನು ಬೋಧಿಸುತ್ತಿದ್ದವಳಾದ ನಾನು ಗ್ರಹನಕ್ಷತ್ರಗಳ ವಿಷಯವನ್ನೋ ವಿದ್ಯುಚ್ಛಕ್ತಿಯ ವಿಷಯವನ್ನೋ ಎತ್ತಿಕೊಳ್ಳುವೆನೆಂದು ಅವರು ಎಣಿಸಿದ್ದಿರಬಹುದು. ನಾನಾದರೋ ಬೈಸಿಕಲ್ಲಿನ ಚಕ್ರವನ್ನು ಆರಿಸಿಕೊಂಡಿರುವೆನು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದೊಡನೆ ಹುಣಿಸೇಮರದ ಕೆಳಗೆ ಹೊಸ ಸೈಕಲ್ಲುಗಳು ಸಾಲುಗಟ್ಟಿ ನಿಲ್ಲುವುದನ್ನು ನೀವೆಲ್ಲರೂ ಕಂಡಿರುವಿರಿ. ಅವುಗಳ ಹಿಡಿಗೆ ಕಟ್ಟಿದ ಬಣ್ಣದ ಕಾಗದವನ್ನು ಕೂಡ ಬಿಚ್ಚದೆ ತರುವ ಮಕ್ಕಳಿದ್ದಾರೆ. ಅರಿಶಿನ ಕುಂಕುಮವಿಟ್ಟು, ನಿಂಬೆಯ ಹಣ್ಣನ್ನು ಚಕ್ರದ ಕೆಳಗಿಟ್ಟು ತುಳಿಸಿ ತರುವವರೂ ಇದ್ದಾರೆ. ಆದರೆ ಆ ಚಕ್ರವನ್ನು ಒಮ್ಮೆ ಎತ್ತಿ ತಿರುಗಿಸಿ ನೋಡಿ ತಂದವರನ್ನು ನನ್ನ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಬೆರಳುಗಳಲ್ಲಿ ಎಣಿಸಬಲ್ಲೆನು.

ನಾನೂ ನೋಡಿದವಳಲ್ಲ. 1998ನೆಯ ಇಸವಿಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಆರು ಕಿಲೋಮೀಟರು ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದವಳು, ಹೊಸ ಸೈಕಲ್ಲನ್ನೇರಿ ಬಂದಳು. ತಂದೆ ಒಂದು ಹೋರಿಗರುವನ್ನು ಮಾರಿ ಅದನ್ನು ಕೊಂಡುಕೊಟ್ಟಿದ್ದರು. "ಟೀಚರ್, ಹೇಗಿದೆ ನೋಡಿ" ಎಂದಳು. ನಾನು ಅದರ ಹೊಳಪನ್ನು ನೋಡಿ, "ಬಹಳ ಚೆನ್ನಾಗಿದೆ" ಎಂದೆನು. ಮೂರನೆಯ ದಿನ ಸಂಜೆ ಸಣ್ಣ ಮಳೆ ಬಿದ್ದಿತ್ತು. ಕೆರೆಯ ಏರಿಯಿಂದ ಇಳಿಯುವ ಜಾಡಿನಲ್ಲಿ ಬ್ರೇಕು ಹಿಡಿಯಲಿಲ್ಲ. ಹುಡುಗಿ ಬಿದ್ದು ಮುಂಗೈಯ ಎಲುಬನ್ನು ಮುರಿದುಕೊಂಡಳು. ಎಲುಬು ಒಂದೂವರೆ ತಿಂಗಳಲ್ಲಿ ಕೂಡಿತು. ಸೈಕಲ್ಲು ಮಾತ್ರ ದನದ ಕೊಟ್ಟಿಗೆಯ ತೊಲೆಗೆ ಏರಿತು. ಹೆಣ್ಣುಮಗಳಿಗೆ ಸೈಕಲ್ಲು ಸಲ್ಲದೆಂದು ಮನೆಯ ಹಿರಿಯರು ತೀರ್ಮಾನಿಸಿದರು. ನಡೆದು ಬರುವುದಕ್ಕೆ ಕೈನೋವು, ಬಸ್ಸಿಗೆ ವೇಳೆಯಿಲ್ಲ. ಹೀಗೆ ದಸರೆಯ ರಜೆ ಕಳೆದರೂ ಅವಳ ಸ್ಥಾನ ತರಗತಿಯಲ್ಲಿ ಬರಿದಾಗಿಯೇ ಇದ್ದಿತು.

ಆಗ ನಾನು ನಮ್ಮೂರಿನ ಒಬ್ಬ ವೃದ್ಧ ಸೈಕಲ್ ರಿಪೇರಿಯವರನ್ನು ಕರೆದುಕೊಂಡು ಅವಳ ಮನೆಗೆ ಹೋದೆನು. ಅವರು ಸೈಕಲ್ಲನ್ನು ತೊಲೆಯಿಂದ ಇಳಿಸಿ, ತಲೆಕೆಳಗು ಮಾಡಿ ನಿಲ್ಲಿಸಿ, ಮುಂದಿನ ಚಕ್ರವನ್ನು ತಿರುಗಿಸಿದರು. ರಿಮ್ಮು ಒಂದು ಕಡೆ ಭತ್ತದ ಕಾಳಿನ ಅಗಲದಷ್ಟು ಪಕ್ಕಕ್ಕೆ ಸರಿದು ಬರುತ್ತಿತ್ತು. ಬಿದ್ದದ್ದರಿಂದ ಹೀಗಾಯಿತೇ ಎಂದು ನಾನು ಕೇಳಿದ್ದಕ್ಕೆ ಅವರು ತಲೆಯಾಡಿಸಿ, ರಿಮ್ಮಿನಲ್ಲಿ ಎಲ್ಲಿಯೂ ತಗ್ಗು ಬಿದ್ದಿಲ್ಲವೆಂಬುದನ್ನೂ, ಆ ಜಾಗದ ಮೂರು ಕಡ್ಡಿಗಳು ಸಡಿಲವಾಗಿಯೇ ಇರುವುದನ್ನೂ, ಬ್ರೇಕಿನ ತಂತಿಯನ್ನು ನಟ್ಟಿನಲ್ಲಿ ಬೇಕೆಂದೇ ಉದ್ದ ಬಿಟ್ಟಿರುವುದನ್ನೂ ತೋರಿಸಿದರು. ನಡೆದ ಸಂಗತಿ ಇಷ್ಟೇ. ಜೋಡಿಸಿದವನು ಚಕ್ರದ ಬೆಂಡು ಬ್ರೇಕಿನ ರಬ್ಬರಿಗೆ ಉಜ್ಜುವುದನ್ನು ಕಂಡು, ಬೆಂಡನ್ನು ತೆಗೆಯುವ ಬದಲಾಗಿ ರಬ್ಬರನ್ನೇ ದೂರಕ್ಕೆ ಸರಿಸಿಬಿಟ್ಟಿದ್ದನು. ಉಜ್ಜುವುದು ನಿಂತಿತು, ಹಿಡಿಯುವುದೂ ನಿಂತಿತು. "ಹೊಸ ಗಾಡಿ ಅಲ್ವೇ ಅಮ್ಮಾವ್ರೇ, ಹೊಸದನ್ನ ಯಾರು ನೋಡ್ತಾರೆ?" ಎಂದು ಅವರು ನನ್ನ ಮುಖವನ್ನು ನೋಡಿದರು. ಆ ದಿನದಿಂದ ನಾನು ಅವರ ಶಿಷ್ಯಳಾದೆನು. ಈ ಮುಂದೆ ಬರೆಯುವುದರಲ್ಲಿ ಕೈಯ ಕೆಲಸವೆಲ್ಲ ಅವರಿಂದ ಕಲಿತದ್ದು, ಕಾರಣ ಹೇಳುವ ಭಾಗ ಮಾತ್ರ ನನ್ನದು.

ಮೊದಲು ಚಕ್ರವು ಭಾರವನ್ನು ಹೇಗೆ ಹೊರುತ್ತದೆಂಬುದನ್ನು ತಿಳಿಯತಕ್ಕದ್ದು. ನಮ್ಮ ಎತ್ತಿನ ಬಂಡಿಯ ಗಾಲಿಯನ್ನು ನೆನಪಿಗೆ ತಂದುಕೊಳ್ಳಿರಿ. ಅದರ ಅರೆಕಾಲುಗಳು ದಪ್ಪನಾದ ಮರದವು. ಹೇರಿನ ಭಾರವು ನಡುವಿನ ಗುಂಬಕ್ಕೆ ಇಳಿದು, ಗುಂಬವು ಆ ಹೊತ್ತಿಗೆ ಕೆಳಗಿರುವ ಅರೆಕಾಲಿನ ಮೇಲೆ ಕಂಬದ ಮೇಲೆ ನಿಂತಂತೆ ನಿಲ್ಲುತ್ತದೆ. ಕಮ್ಮಾರನು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ಯುವುದು, ಅದು ಕುಗ್ಗಿ ಎಲ್ಲ ಮರಗಳನ್ನೂ ಒಳಕ್ಕೆ ಒತ್ತಲೆಂದು. ಬೈಸಿಕಲ್ಲಿನ ಕಡ್ಡಿಯಾದರೋ ಎರಡು ಮಿಲಿಮೀಟರು ದಪ್ಪದ ತಂತಿ. ಅದನ್ನು ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಿದರೆ ಬಾಗಿಹೋಗುತ್ತದೆ. ಇಂಥ ಬಡಕಲು ತಂತಿಗಳ ಮೇಲೆ ಒಬ್ಬ ಮನುಷ್ಯನೂ, ಹಿಂದೆ ಒಂದು ಮೂಟೆ ಅಕ್ಕಿಯೂ ಸಾಗುವುದು ಹೇಗೆ?

ಇದರ ರಹಸ್ಯವು ಎಳೆತದಲ್ಲಿದೆ. ಒಂದೊಂದು ಕಡ್ಡಿಯನ್ನೂ ತುದಿಯ ನಿಪ್ಪಲ್ಲನ್ನು ತಿರುಗಿಸಿ ಬಿಗಿಮಾಡಿರುವುದರಿಂದ ಅದು ರಿಮ್ಮನ್ನು ಸದಾ ನಡುವಿನ ಹಬ್ಬಿನ ಕಡೆಗೆ ಎಳೆಯುತ್ತಿರುತ್ತದೆ. ಎಲ್ಲ ದಿಕ್ಕಿನಿಂದಲೂ ಸಮನಾಗಿ ಎಳೆಯಲ್ಪಟ್ಟ ರಿಮ್ಮು ಅಲುಗಾಡಲಾರದೆ ವೃತ್ತಾಕಾರದಲ್ಲಿ ನಿಲ್ಲುತ್ತದೆ. ಇಂದಿನ ಅಲ್ಯೂಮಿನಿಯಂ ರಿಮ್ಮಿನ ಒಳ್ಳೆಯ ಚಕ್ರದಲ್ಲಿ ಒಂದೊಂದು ಕಡ್ಡಿಗೂ ಸುಮಾರು 100 ಕಿಲೋಗ್ರಾಂ ತೂಕವನ್ನು ತೂಗುಹಾಕಿದಷ್ಟು ಎಳೆತವಿರುವುದುಂಟು. 36 ಕಡ್ಡಿಗಳ ಚಕ್ರವಾದರೆ ಒಟ್ಟು ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿರಿ. ಸವಾರಳು ಏರಿ ಕುಳಿತಾಗ ನೆಲಕ್ಕೆ ತಾಗಿರುವ ಕಡೆ ರಿಮ್ಮು ಕಣ್ಣಿಗೆ ಕಾಣದಷ್ಟು ಚಪ್ಪಟೆಯಾಗುತ್ತದೆ. ಅಲ್ಲಿಯ ಎರಡು ಮೂರು ಕಡ್ಡಿಗಳ ಎಳೆತ ಕಡಿಮೆಯಾಗುತ್ತದೆ, ಉಳಿದವುಗಳಲ್ಲಿ ಹೇಳತಕ್ಕ ವ್ಯತ್ಯಾಸವೇ ಆಗುವುದಿಲ್ಲ. ಅಂದರೆ ಮೊದಲೇ ಕೂಡಿಟ್ಟ ಎಳೆತದಲ್ಲಿ ಸ್ವಲ್ಪವನ್ನು ಖರ್ಚುಮಾಡಿ ಚಕ್ರವು ಭಾರವನ್ನು ತಾಳುತ್ತದೆ. ಕೂಡಿಟ್ಟದ್ದೇ ಕಡಿಮೆಯಾಗಿದ್ದರೆ ಕೆಳಗಿನ ಕಡ್ಡಿ ಪೂರಾ ಸಡಿಲವಾಗುತ್ತದೆ, ಆ ಕ್ಷಣದಲ್ಲಿ ಅದರ ನಿಪ್ಪಲ್ಲು ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದರಿಂದ ಇನ್ನೂ ಸಡಿಲ, ಸಡಿಲವಾದುದರಿಂದ ಇನ್ನೂ ಬಿಚ್ಚುವುದು. 28 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುವುದರಿಂದ, ಐದು ಕಿಲೋಮೀಟರು ದೂರದ ಶಾಲೆಗೆ ಬರುವಷ್ಟರಲ್ಲಿ ಒಂದೊಂದು ಕಡ್ಡಿಯೂ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಸಲ ಹೀಗೆ ಸಡಿಲಗೊಂಡು ಬಿಗಿಯಾಗುತ್ತದೆ. ಸಡಿಲ ಕಡ್ಡಿಯೇ ಮೊದಲು ಮುರಿಯುವುದೇಕೆಂಬುದು ಇದರಿಂದ ತಿಳಿಯುತ್ತದೆ. ಬಿಗಿಯಾದದ್ದು ಮುರಿಯುತ್ತದೆಂಬ ಜನರ ನಂಬಿಕೆ ಸಾಮಾನ್ಯವಾಗಿ ತಪ್ಪು.

ಈ ಯುಕ್ತಿಯು ಬಹಳ ಹಳೆಯದೇನೂ ಅಲ್ಲ. ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿಯವರು ಹಾರುವ ಯಂತ್ರಕ್ಕಾಗಿ ಹಗುರವಾದ ಗಾಲಿಯನ್ನು ಯೋಚಿಸುತ್ತ 1808ರಲ್ಲಿ ಎಳೆತದ ಚಕ್ರವನ್ನು ಕಲ್ಪಿಸಿದರು. ಕಡ್ಡಿಗಳು ಹಬ್ಬಿನಿಂದ ನೇರವಾಗಿ ಹೊರಡದೆ ಒಂದನ್ನೊಂದು ದಾಟಿ ಓರೆಯಾಗಿ ಹೋಗುವ ಈಗಿನ ಕ್ರಮಕ್ಕೆ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿಯವರು 1874ರಲ್ಲಿ ಹಕ್ಕುಪತ್ರ ಪಡೆದರು. ಓರೆಯಾಗಿದ್ದರೆ ತಾನೇ ಪೆಡಲಿನ ಬಲ ಹಬ್ಬಿನಿಂದ ರಿಮ್ಮಿಗೆ ಮುಟ್ಟುವುದು! 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪರು ತಮ್ಮ ಮಗನ ಮೂರು ಗಾಲಿಯ ಗಾಡಿಗೆ ಗಾಳಿ ತುಂಬಿದ ಟೈರನ್ನು ತೊಡಿಸಿದರು. ಅಲ್ಲಿಂದೀಚೆಗೆ ಮೂಲ ರೂಪವು ಹೆಚ್ಚು ಬದಲಾಗಲಿಲ್ಲ.

ಹಾಗಾದರೆ ಕಾರ್ಖಾನೆಯಿಂದ ಬಂದ ಹೊಸ ಚಕ್ರ ಸರಿಯಾಗಿಯೇ ಇರಬೇಕಲ್ಲವೇ ಎಂದು ಕೇಳುವಿರಿ. ಹೊಸ ಹಗ್ಗದ ಮಂಚವನ್ನು ಹೆಣೆದವರು ಇದಕ್ಕೆ ಉತ್ತರ ಹೇಳಬಲ್ಲರು. ಎಷ್ಟು ಬಿಗಿಯಾಗಿ ಹೆಣೆದರೂ ಮೊದಲ ರಾತ್ರಿ ಮಲಗಿ ಎದ್ದ ಮೇಲೆ ಕಾಲುಗಡೆಯ ಹಗ್ಗವನ್ನು ಮತ್ತೊಮ್ಮೆ ಎಳೆದು ಕಟ್ಟಲೇಬೇಕು. ಗಂಟುಗಳು ಕೂರುವವರೆಗೆ ಹಗ್ಗ ಬಿಡುತ್ತಲೇ ಇರುತ್ತದೆ. ಚಕ್ರದಲ್ಲಿಯೂ ಹಾಗೆಯೇ. ಕಡ್ಡಿಯ ಬಾಗಿದ ತಲೆಯು ಹಬ್ಬಿನ ತೂತಿನಲ್ಲಿ ಸರಿಯಾಗಿ ಕೂರಲು ಕಾಲ ಬೇಕು. ಅಲ್ಲದೆ ನಿಪ್ಪಲ್ಲನ್ನು ತಿರುಗಿಸುವಾಗ ಕಡ್ಡಿಯೂ ಅದರೊಂದಿಗೆ ಒಂದಿಷ್ಟು ತಿರುಚಿಕೊಳ್ಳುತ್ತದೆ. ಒದ್ದೆಬಟ್ಟೆಯನ್ನು ಹಿಂಡಿ ಹಾಗೆಯೇ ಹಿಡಿದಂತೆ ಅದು ನಿಂತಿರುತ್ತದೆ. ಮೊದಲ ಸವಾರಿಯಲ್ಲಿ ಭಾರ ಬಿದ್ದು ಕಡ್ಡಿ ಸಡಿಲವಾದೊಡನೆ ಆ ತಿರುಚು ಬಿಟ್ಟುಕೊಳ್ಳುತ್ತದೆ. ಹೊಸ ಸೈಕಲ್ಲಿನಲ್ಲಿ 'ಟಣ್, ಟಣ್' ಎಂದು ಸದ್ದು ಬರುವುದನ್ನು ಕೇಳಿದ್ದೀರಷ್ಟೆ? ಅದು ಇದೇ. ಸದ್ದು ಅಪಾಯದ್ದಲ್ಲ, ಆದರೆ ಒಂದೊಂದು ಟಣತ್ಕಾರಕ್ಕೂ ಚಕ್ರದ ಸಮತೆ ಅಷ್ಟಿಷ್ಟು ಕೆಡುತ್ತದೆಂದು ತಿಳಿಯಿರಿ. ಸಮಯವಿಟ್ಟು ಕಟ್ಟುವ ಕುಶಲಿಗಳು ಈ ಕೆಲಸವನ್ನು ತಮ್ಮಲ್ಲಿಯೇ ಮುಗಿಸಿ ಕೊಡುತ್ತಾರೆ. ಯಂತ್ರದಿಂದ ಬೇಗ ಬೇಗನೆ ಕಟ್ಟಿದ ಅಗ್ಗದ ಚಕ್ರಗಳಲ್ಲಿ ಅದು ಕೊಂಡವರ ಪಾಲಿಗೆ ಉಳಿಯುತ್ತದೆ.

ಇನ್ನು ಪರೀಕ್ಷೆಯ ಕ್ರಮಕ್ಕೆ ಬರೋಣ. ಬೇಕಾದ ಸಾಮಗ್ರಿ ಬಹಳವಿಲ್ಲ. ಒಂದು ಗೋಣಿತಟ್ಟು, ಒಂದು ತುಂಡು ಸೀಮೆಸುಣ್ಣ, ಸ್ವಲ್ಪ ಹತ್ತಿ, ಹಳೆಯ ಬಟ್ಟೆ, ನಟ್ಟಿಗೆ ತಕ್ಕ ಸ್ಪ್ಯಾನರು, ಕಡ್ಡಿ ತಿರುಗಿಸುವ ಸಣ್ಣ ಕೀಲಿ. ಈ ಕೀಲಿ ಸೈಕಲ್ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಸಿಕ್ಕುತ್ತದೆ. ನಿಪ್ಪಲ್ಲಿನ ಅಳತೆಗೆ ಸರಿಯಾಗಿ ಕೂರುವುದನ್ನೇ ಆರಿಸಬೇಕು. ಸಡಿಲವಾದ ಕೀಲಿ ಹಿತ್ತಾಳೆಯ ನಿಪ್ಪಲ್ಲಿನ ಮೂಲೆಗಳನ್ನು ಸವೆಸಿ ಗುಂಡಗೆ ಮಾಡಿಬಿಟ್ಟರೆ ಮುಂದೆ ಯಾವ ಕೀಲಿಯೂ ಹಿಡಿಯದು. ಸೈಕಲ್ಲನ್ನು ಗೋಣಿತಟ್ಟಿನ ಮೇಲೆ ತಲೆಕೆಳಗಾಗಿ, ಸೀಟಿನ ಮೇಲೂ ಹ್ಯಾಂಡಲಿನ ಮೇಲೂ ನಿಲ್ಲುವಂತೆ ಇಡಿರಿ.

ಮೊದಲನೆಯದು ಕಡ್ಡಿಗಳು. ಹಳೆಯ ಕರಿಯ ಭಾರೀ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹೆಚ್ಚು ಭಾರ ಹೊರುವ ಹಿಂದಿನದಕ್ಕೆ 40 ಕಡ್ಡಿಗಳಿರುತ್ತವೆ. ಬೇರೆ ಬಗೆಗಳಲ್ಲಿ ಎರಡಕ್ಕೂ 36 ಇರುವುದು ವಾಡಿಕೆ. ಎಷ್ಟೇ ಇರಲಿ, ಗಾಳಿ ಹೊಡೆಯುವ ವಾಲ್ವಿನ ಬಳಿಯಿಂದ ಪ್ರಾರಂಭಿಸಿ, ಒಂದು ಪಕ್ಕದ ಕಡ್ಡಿಗಳನ್ನು ಒಂದಾದ ಮೇಲೊಂದರಂತೆ ರಿಮ್ಮಿನ ಹತ್ತಿರ ಉಗುರಿನಿಂದ ಮೀಟುತ್ತ ಹೋಗಿರಿ. ನಮ್ಮ ಶಾಲೆಯ ಗಾಯನವರ್ಗದಲ್ಲಿ ಶ್ರುತಿ ತಪ್ಪಿದವರನ್ನು ಹಿಂದಿನ ಸಾಲಿಗೆ ಕಳುಹಿಸುತ್ತಿದ್ದುದು ನೆನಪಿದೆಯೇ? ಆ ಕಿವಿಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಿಗಿಯಾದ ತಂತಿ ಎತ್ತರದ ಸ್ವರವನ್ನೂ ಸಡಿಲವಾದದ್ದು ತಗ್ಗಿನ ಸ್ವರವನ್ನೂ ಕೊಡುವುದು ತಂಬೂರಿಯಲ್ಲಿ ಹೇಗೋ ಇಲ್ಲಿಯೂ ಹಾಗೆ. ಒಂದೇ ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಮೆ ಒಂದೇ ಸ್ವರವನ್ನು ನುಡಿಯಬೇಕು. 'ಟಿಣ್, ಟಿಣ್, ಟಿಣ್' ಎಂದು ಹೋಗುತ್ತಿರುವಾಗ ನಡುವೆ ಒಂದು 'ಡಬ್' ಎಂದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿರಿ. ಹಿಂದಿನ ಚಕ್ರದಲ್ಲಿ ಮಾತ್ರ ಬಲಪಕ್ಕದ ಸ್ವರ ಎಡಪಕ್ಕದ್ದಕ್ಕಿಂತ ಎತ್ತರವಾಗಿರುವುದು ಸಹಜ. ಬಲಗಡೆ ಚೈನಿನ ಹಲ್ಲುಚಕ್ರಕ್ಕೆ ಸ್ಥಳ ಬೇಕಾದುದರಿಂದ ಆ ಕಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು ಹೆಚ್ಚು ಬಿಗಿಯಾಗಿರಬೇಕಾಗುತ್ತದೆ. ಎಡವನ್ನು ಎಡದೊಡನೆಯೂ ಬಲವನ್ನು ಬಲದೊಡನೆಯೂ ಹೋಲಿಸಿರಿ.

ಗುರುತು ಹಾಕಿದ ಸಡಿಲ ಕಡ್ಡಿಯನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಎಂದು ನೆರೆಯ ಕಡ್ಡಿಗಳ ಸ್ವರಕ್ಕೆ ತನ್ನಿರಿ. ಯಾವ ಕಡೆಗೆ ತಿರುಗಿಸಬೇಕೆಂಬುದೇ ಎಲ್ಲರನ್ನೂ ಗೊಂದಲಕ್ಕೆ ಕೆಡಹುವ ವಿಷಯ. ತಲೆಕೆಳಗಾಗಿ ನಿಂತ ಸೈಕಲ್ಲಿನ ಚಕ್ರದ ತುತ್ತತುದಿಯಲ್ಲಿರುವ ನಿಪ್ಪಲ್ಲನ್ನು ಮೇಲಿನಿಂದ, ಅಂದರೆ ಟೈರಿನ ಕಡೆಯಿಂದ, ಬಾಗಿ ನೋಡಿರಿ. ಗಡಿಯಾರದ ಮುಳ್ಳು ಹೋಗುವಂತೆ ತಿರುಗಿಸಿದರೆ ಬಿಗಿ, ಎದುರಾಗಿ ತಿರುಗಿಸಿದರೆ ಸಡಿಲ. ಕೆಲಸ ಮಾಡಬೇಕಾದ ಕಡ್ಡಿಯನ್ನು ಯಾವಾಗಲೂ ಮೇಲಕ್ಕೆ ತಂದುಕೊಂಡು ಮಾಡಿದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಬೇಕಾದುದಕ್ಕಿಂತ ಎಳ್ಳಷ್ಟು ಹೆಚ್ಚು ತಿರುಗಿಸಿ ಅಷ್ಟನ್ನೇ ಹಿಂದಕ್ಕೆ ಬಿಟ್ಟರೆ ಕಡ್ಡಿಯ ತಿರುಚು ಉಳಿಯುವುದಿಲ್ಲ.

ಅನಂತರ ಬೆಂಡನ್ನು ನೋಡುವುದು. ಸೀಮೆಸುಣ್ಣವನ್ನು ಫೋರ್ಕಿನ ಕಾಲಿಗೆ ಆನಿಸಿ ಹಿಡಿದು, ತುದಿಯು ರಿಮ್ಮಿನ ಪಕ್ಕಕ್ಕೆ ತಾಗಿಯೂ ತಾಗದಂತೆ ಇರಿಸಿಕೊಂಡು, ಚಕ್ರವನ್ನು ಮೆಲ್ಲಗೆ ತಿರುಗಿಸಿರಿ. ರಿಮ್ಮು ಎಲ್ಲಿ ಹೊರಕ್ಕೆ ಸರಿದಿದೆಯೋ ಅಲ್ಲಿ ಬಿಳಿಯ ಗೆರೆ ಬೀಳುತ್ತದೆ. ಗೆರೆ ಬಿದ್ದ ಕಡೆಯಲ್ಲಿ ಎದುರು ಪಕ್ಕದ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಿ, ಗೆರೆ ಬಿದ್ದ ಪಕ್ಕದ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿದರೆ ರಿಮ್ಮು ಒಳಕ್ಕೆ ಬರುತ್ತದೆ. ಗೆರೆಯನ್ನು ಒರೆಸಿ ಮತ್ತೆ ತಿರುಗಿಸಿ ನೋಡಿರಿ. ಒಂದೇ ಕಡ್ಡಿಗೆ ಒಂದೇ ಸಲ ಪೂರ್ತಿ ಸುತ್ತು ಕೊಡುವ ಆತುರವನ್ನು ಬಿಡತಕ್ಕದ್ದು. ನನ್ನ ಮೊದಲ ಪ್ರಯತ್ನದಲ್ಲಿ ನಾನು ಹೀಗೆಯೇ ಮಾಡಿ, ಒಂದು ಸಣ್ಣ ಬೆಂಡಿದ್ದ ಚಕ್ರವನ್ನು ಹಪ್ಪಳದಂತೆ ಮಾಡಿಟ್ಟೆನು. ನನ್ನ ಗುರುಗಳು ನಗದೆ ಇದ್ದದ್ದು ಅವರ ದೊಡ್ಡತನ. ಪಕ್ಕದ ಓಲಾಟವು ಒಂದು ಮಿಲಿಮೀಟರಿಗಿಂತ ಕಡಿಮೆಯಾದರೆ ದಿನಬಳಕೆಯ ಸವಾರಿಗೆ ಸಾಕು. ಚಕ್ರ ಮೇಲೆ ಕೆಳಗೆ ಕುಪ್ಪಳಿಸುವುದೇ ಎಂಬುದನ್ನೂ ಹೀಗೆಯೇ, ಸೀಮೆಸುಣ್ಣವನ್ನು ರಿಮ್ಮಿನ ಅಂಚಿಗೆ ಹಿಡಿದು ನೋಡಬಹುದು. ಆದರೆ ಅದನ್ನು ಸರಿಪಡಿಸುವುದಕ್ಕೆ ಅಭ್ಯಾಸ ಬೇಕು. ಎಲ್ಲ ಕಡ್ಡಿಗಳೂ ಒಂದೇ ಸ್ವರದಲ್ಲಿದ್ದು ಬೆಂಡು ಮಾತ್ರ ಉಳಿದಿದ್ದರೆ ರಿಮ್ಮೇ ಡೊಂಕಾಗಿದೆಯೆಂದು ತಿಳಿದು, ಕಡ್ಡಿಗಳನ್ನು ಹಿಂಸಿಸದೆ ಅಂಗಡಿಗೆ ಹಿಂದಿರುಗಿಸುವುದು ಒಳ್ಳೆಯದು. ಹೊಸದರ ಮೇಲೆ ಆ ಹಕ್ಕು ನಿಮಗುಂಟು, ಸಂಕೋಚಪಡಬೇಡಿರಿ.

ಬೆಂಡು ತೆಗೆದಾದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಎಷ್ಟೋ ಅಂಗಡಿಯವರೂ ಮಾಡುವುದಿಲ್ಲ. ಕೈಗೆ ಬಟ್ಟೆಯನ್ನು ಸುತ್ತಿಕೊಂಡು, ಒಂದೇ ಪಕ್ಕದಲ್ಲಿ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುವ ಎರಡು ಕಡ್ಡಿಗಳನ್ನು ಒಂದು ಕೈಯಲ್ಲಿಯೂ, ಎದುರು ಪಕ್ಕದ ಎರಡನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ನಿಂಬೆಹಣ್ಣನ್ನು ಹಿಂಡುವಂತೆ ಬಲವಾಗಿ ಹಿಂಡಬೇಕು. ಹೀಗೆ ಚಕ್ರದ ಸುತ್ತಲೂ ಹಿಂಡುತ್ತ ಬಂದರೆ ಕಡ್ಡಿಯ ತಲೆಗಳು ತಮ್ಮ ತೂತಿನಲ್ಲಿ ಕೂರುತ್ತವೆ, ಬಾಗಿದ ಜಾಗದಲ್ಲಿ ಅಡಗಿದ್ದ ಬಿರುಸು ಇಳಿಯುತ್ತದೆ, ತಿರುಚಿದ್ದವು ಟಣ್ಣೆಂದು ಬಿಡುತ್ತವೆ. ಮೊದಲ ಸವಾರಿಯಲ್ಲಿ ರಸ್ತೆಯ ಮೇಲೆ ಆಗಬೇಕಾದುದು ಹೀಗೆ ಅಂಗಳದಲ್ಲಿಯೇ ಆಗಿಹೋಗುತ್ತದೆ. ಇದಾದ ಮೇಲೆ ಮತ್ತೊಮ್ಮೆ ಮೀಟಿ, ಮತ್ತೊಮ್ಮೆ ಸೀಮೆಸುಣ್ಣ ಹಿಡಿಯಿರಿ. ಸ್ವಲ್ಪ ಬೆಂಡು ಮರಳಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಹಬ್ಬಿನ ವಿಷಯ. ಹಬ್ಬಿನೊಳಗೆ ಅಚ್ಚಿನ ಎರಡು ತುದಿಗಳಲ್ಲಿಯೂ ಉಕ್ಕಿನ ಗುಂಡುಗಳು ಬಟ್ಟಲಿಗೂ ಕೋನಿಗೂ ನಡುವೆ ಉರುಳುತ್ತವೆ. ಸಾಮಾನ್ಯವಾಗಿ ಮುಂದಿನ ಚಕ್ರದಲ್ಲಿ ಒಂದೊಂದು ಕಡೆ ಹತ್ತು ಸಣ್ಣ ಗುಂಡುಗಳು, ಹಿಂದಿನದರಲ್ಲಿ ಒಂಬತ್ತು ದೊಡ್ಡವು. ಚಕ್ರವನ್ನು ಬಿಚ್ಚಿ ಅಚ್ಚನ್ನು ಎರಡು ಬೆರಳುಗಳಿಂದ ತಿರುಗಿಸಿದರೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಬೇಕು. ಮರಳು ಕಡಿದಂತೆ ಭಾಸವಾದರೆ ಕೋನು ಅತಿಯಾಗಿ ಬಿಗಿಯಾಗಿದೆ ಅಥವಾ ಗ್ರೀಸು ಸಾಲದು. ಹೊಸ ಹಬ್ಬುಗಳಲ್ಲಿ ಗ್ರೀಸನ್ನು ಜಿಪುಣತನದಿಂದ ಹಾಕಿರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಮತ್ತೆ ಜೋಡಿಸಿ ನಟ್ಟುಗಳನ್ನು ಬಿಗಿದ ಮೇಲೆ ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೆ ಕಟಕಟನೆ ಆಡಬಾರದು. ಆಡದಿರಬೇಕು, ಹಿಡಿಯಲೂಬಾರದು. ಈ ನಡುವಣ ಸ್ಥಾನವನ್ನು ಹುಡುಕುವುದಕ್ಕೆ ಎರಡು ಮೂರು ಸಲ ತಾಳ್ಮೆಯಿಂದ ಯತ್ನಿಸಬೇಕಾಗುತ್ತದೆ.

ಚಕ್ರವನ್ನು ಮತ್ತೆ ತೊಡಿಸುವಾಗ ಅಚ್ಚು ಫೋರ್ಕಿನ ಎರಡು ಸೀಳುಗಳಲ್ಲಿಯೂ ಪೂರ್ಣವಾಗಿ ಕೂತಿದೆಯೇ ಎಂದು ನೋಡಿರಿ. ಒಂದು ಕಡೆ ಕೂತು ಇನ್ನೊಂದು ಕಡೆ ಎದ್ದಿದ್ದರೆ ನೆಟ್ಟಗಿರುವ ಚಕ್ರವೂ ಓರೆಯಾಗಿ ಕಾಣುತ್ತದೆ, ಆಗ ತಪ್ಪನ್ನು ಕಡ್ಡಿಗಳ ಮೇಲೆ ಹೊರಿಸಿ ಅವುಗಳನ್ನು ಕೆಡಿಸುವುದುಂಟು. ನಟ್ಟುಗಳನ್ನು ಒಂದನ್ನೇ ಕೊನೆಯವರೆಗೆ ಬಿಗಿಯದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಗಿಯುತ್ತ ಹೋಗಬೇಕು. ಮುಂದಿನ ಚಕ್ರದ ನಟ್ಟಿನ ಮೇಲೆ ನನಗೆ ಯಾವ ಕಾಲಕ್ಕೂ ನಂಬಿಕೆಯಿಲ್ಲ. ಬಾಡಿಗೆಯ ಸೈಕಲ್ಲನ್ನು ಕೂಡ ನಾನು ಸ್ಪ್ಯಾನರಿನಿಂದ ಮುಟ್ಟಿ ನೋಡದೆ ಏರಿದವಳಲ್ಲ.

ಟೈರು ಟ್ಯೂಬುಗಳನ್ನು ಕುರಿತು ಬಹಳ ಹೇಳಬೇಕಾಗಿಲ್ಲ, ಪಂಕ್ಚರು ಎಲ್ಲರಿಗೂ ಪಾಠ ಕಲಿಸಿರುತ್ತದೆ. ಆದರೂ ಎರಡು ಮಾತು. ಟೈರನ್ನು ತೆಗೆದಾಗ ರಿಮ್ಮಿನ ಒಳಮೈಯಲ್ಲಿ ಹತ್ತಿಯನ್ನು ಸುತ್ತಲೂ ಎಳೆಯಿರಿ. ರಿಮ್ಮಿನ ಬೆಸುಗೆಯ ಜಾಗದಲ್ಲಿ ಚೂಪು ಉಳಿದಿದ್ದರೆ, ಅಥವಾ ಕಡ್ಡಿಯ ತುದಿ ನಿಪ್ಪಲ್ಲನ್ನು ದಾಟಿ ಮೇಲೆದ್ದಿದ್ದರೆ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಅರದಿಂದ ಉಜ್ಜಿ, ನಿಪ್ಪಲ್ಲುಗಳೆಲ್ಲ ಮುಚ್ಚುವಂತೆ ರಿಮ್ಮಿನ ಪಟ್ಟಿಯನ್ನು ಹಾಕಿರಿ. ಎರಡನೆಯದು, ಬದಲಿ ಟೈರನ್ನು ಕೊಳ್ಳುವಾಗ '26 ಅಂಗುಲದ್ದು' ಎಂದಷ್ಟೇ ಕೇಳಿದರೆ ಸಾಲದು. ಒಂದೇ 26 ಅಂಗುಲದ ಹೆಸರಿನಲ್ಲಿ ರಿಮ್ಮಿನ ಮೇಲೆ ಕೂರುವ ಅಳತೆ 559, 584, 590 ಮಿಲಿಮೀಟರುಗಳೆಂದು ಬೇರೆ ಬೇರೆ ಇವೆ. 28ರಲ್ಲಿಯೂ 622 ಮತ್ತು 635 ಎಂಬ ಭೇದವುಂಟು. ಟೈರಿನ ಪಕ್ಕದಲ್ಲಿ ಅಚ್ಚಾದ '40-635' ಎಂಬಂಥ ಸಂಖ್ಯೆಯನ್ನು ಬರೆದುಕೊಂಡು ಹೋಗುವುದು ಕ್ಷೇಮ. ಗಾಳಿಯನ್ನು ಅರ್ಧ ಹೊಡೆದು ನಿಲ್ಲಿಸಿ, ಟೈರಿನ ಅಂಚಿನ ಗೆರೆ ರಿಮ್ಮಿನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿದೆಯೇ, ಟ್ಯೂಬು ಎಲ್ಲಿಯಾದರೂ ಅಂಚಿಗೆ ಸಿಕ್ಕಿಕೊಂಡಿದೆಯೇ ಎಂದು ನೋಡಿ, ಆಮೇಲೆ ಪೂರ್ತಿ ಹೊಡೆಯಿರಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ವಾಲ್ವಿನ ಗುಣ ತಿಳಿಯುತ್ತದೆ.

ಬ್ರೇಕನ್ನು ಕಡೆಯಲ್ಲಿಯೇ ನೋಡತಕ್ಕದ್ದು, ಯಾಕೆಂದರೆ ಚಕ್ರದ ಬೆಂಡು ಹೋಗುವವರೆಗೆ ಬ್ರೇಕನ್ನು ಹತ್ತಿರ ತರಲಾಗದು. ಆ ಹುಡುಗಿಯ ಕೈ ಮುರಿದದ್ದೂ ಈ ಕ್ರಮವು ತಿರುವುಮುರುವಾದುದರಿಂದಲೇ. ಹೊಸ ರಿಮ್ಮಿನ ಮೇಲೆ ಎಣ್ಣೆಯ ಪದರವಿರುವುದುಂಟು. ಸಾಬೂನಿನ ನೀರಿನಲ್ಲಿ ಒದ್ದೆಮಾಡಿದ ಬಟ್ಟೆಯಿಂದ ಒರೆಸಿ ಒಣಗಿಸಿರಿ. ರಬ್ಬರುಗಳು ರಿಮ್ಮಿನಿಂದ ಎರಡು ಮೂರು ಮಿಲಿಮೀಟರು ದೂರದಲ್ಲಿರಲಿ. ಹಿಡಿದಾಗ ರಿಮ್ಮಿಗೇ ತಾಗಬೇಕು, ಟೈರಿಗೆ ತಾಗಬಾರದು. ಹೊಳೆಯುವ ಉಕ್ಕಿನ ರಿಮ್ಮಾಗಿದ್ದರೆ ಒದ್ದೆಯಾದಾಗ ಬ್ರೇಕು ಬಹಳ ಕಡಿಮೆ ಹಿಡಿಯುತ್ತದೆಂಬುದನ್ನು ಮಗುವಿಗೆ ಮುಂಚೆಯೇ ಹೇಳಿ, ಮಳೆಯಲ್ಲಿ ಇಳಿಜಾರಿಗೆ ಬರುವ ಮೊದಲೇ ಮೆಲ್ಲಗೆ ಹಿಡಿದು ರಿಮ್ಮನ್ನು ಒರೆಸಿಕೊಳ್ಳುವ ಅಭ್ಯಾಸವನ್ನು ಮಾಡಿಸಿರಿ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಈ ಅರ್ಧ ಗಂಟೆಯ ಕೆಲಸವನ್ನು ದಯವಿಟ್ಟು ತಾವೊಬ್ಬರೇ ಮಾಡಬೇಡಿರಿ, ಮಗನನ್ನು ಮಾತ್ರ ಕರೆದು ಮಾಡಿಸಬೇಡಿರಿ. ಏರುವವಳ ಕೈಗೇ ಕೀಲಿಯನ್ನು ಕೊಡಿರಿ. ನಮ್ಮ ಕರ್ನಾಟಕದಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಬಿಹಾರದಲ್ಲಿಯೂ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲಿಗಾಗಿ ಹಣ ಕೊಡತೊಡಗಿದರು. ಅಲ್ಲಿಯ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬವರು ಅಳೆದು 2017ರಲ್ಲಿ ಪ್ರಕಟಿಸಿದರು. ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದೂ, ಶಾಲೆಯು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ಹೆಚ್ಚಾಗಿ ಕಂಡಿತೆಂದೂ ಅವರು ತೋರಿಸಿದ್ದಾರೆ. ಅಂಥ ದೂರದ ದಾರಿಯ ನಡುವೆ, ಮನೆಯೂ ಕಾಣದ, ಅಂಗಡಿಯೂ ಕಾಣದ ಜಾಗದಲ್ಲಿ ಒಂದು ಕಡ್ಡಿ ಮುರಿದರೆ ಅಲ್ಲಿ ಇರುವವಳು ಆ ಮಗು ಒಬ್ಬಳೇ. ಮುರಿದ ಕಡ್ಡಿಯನ್ನು ನೆರೆಯ ಕಡ್ಡಿಗೆ ಸುತ್ತಿ, ಬ್ರೇಕಿಗೆ ತಾಗುತ್ತಿದ್ದರೆ ಮಾತ್ರ ಅದನ್ನು ಒಂದಿಷ್ಟು ಬಿಟ್ಟುಕೊಂಡು, ಸೈಕಲ್ಲನ್ನು ತಳ್ಳಿಕೊಂಡು ನಿಧಾನವಾಗಿ ಊರು ಸೇರುವಷ್ಟು ತಿಳಿವಳಿಕೆ ಅವಳಲ್ಲಿರಬೇಕು.

ಮೊದಲ ಸವಾರಿಯನ್ನು ಅಂಗಳದಲ್ಲಿಯೋ ಆಟದ ಬಯಲಿನಲ್ಲಿಯೋ ಹತ್ತು ಸುತ್ತು ಮಾಡಿಸಿ, ಇಳಿದು, ನಟ್ಟುಗಳನ್ನು ಮುಟ್ಟಿ ನೋಡಿರಿ. ಸುಮಾರು ನೂರು ಕಿಲೋಮೀಟರು ಓಡಿದ ಮೇಲೆ, ಅಂದರೆ ಆರು ಕಿಲೋಮೀಟರು ದೂರದಿಂದ ಬಂದುಹೋಗುವ ಹುಡುಗಿಗೆ ಹತ್ತು ದಿನಗಳಲ್ಲಿ, ಮೀಟುವುದನ್ನೂ ಸೀಮೆಸುಣ್ಣ ಹಿಡಿಯುವುದನ್ನೂ ಇನ್ನೊಮ್ಮೆ ಮಾಡತಕ್ಕದ್ದು. ಹೊಸ ಚಕ್ರ ತನ್ನ ಸ್ಥಾನದಲ್ಲಿ ಕೂರುವುದು ಆ ಅವಧಿಯಲ್ಲಿಯೇ. ಆಗ ಸರಿಪಡಿಸಿದ ಚಕ್ರ ಗುಂಡಿಗೆ ಬಿದ್ದು ಪೆಟ್ಟು ತಿನ್ನದಿದ್ದರೆ ಬಹುಕಾಲ ಕೀಲಿಯನ್ನು ಬೇಡುವುದಿಲ್ಲ.

ಆ ಕೊಟ್ಟಿಗೆಯ ಸೈಕಲ್ಲಿಗೆ ನಾವು ಅಂದು ಮಾಡಿದ ಕೆಲಸ ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ತಂದೆಯವರು ಮಾತಾಡದೆ ಬಂದು, ಚಕ್ರವನ್ನು ತಿರುಗಿಸಿ, ರಿಮ್ಮು ಎರಡು ರಬ್ಬರುಗಳ ನಡುವೆ ಅಲುಗದೆ ಓಡುವುದನ್ನು ಬಹಳ ಹೊತ್ತು ನೋಡುತ್ತ ನಿಂತರು. ಬಳಿಕ ತಾವೇ ಏರಿ ಕೆರೆಯ ಏರಿಯವರೆಗೆ ಹೋಗಿ, ಇಳಿಜಾರಿನಲ್ಲಿ ಎರಡು ಸಲ ಬ್ರೇಕು ಹಿಡಿದು ನೋಡಿ ಬಂದರು. ಮಾರನೆಯ ಸೋಮವಾರ ಹುಡುಗಿ ಶಾಲೆಗೆ ಬಂದಳು. ಅವಳ ಪುಸ್ತಕದ ಚೀಲದಲ್ಲಿ ಕಂಪಾಸು ಪೆಟ್ಟಿಗೆಯ ಪಕ್ಕಕ್ಕೆ ಒಂದು ಕಡ್ಡಿಯ ಕೀಲಿಯಿದ್ದಿತು.